ನಾಲ್ಕಿಂಚಿನ ಪದವಿ

ಕಾಲೇಜಿನ ಶುಲ್ಕವನ್ನು ದುಡ್ಡಿನ ಬದಲು ಮೈಯೆತ್ತರದಲ್ಲಿ ಕಟ್ಟಬೇಕು, ಸಂಬಳವೂ ಎತ್ತರದಲ್ಲೇ ಬರುತ್ತದೆ ಎಂಬುದರ ಬಗ್ಗೆ ಫಕೀರೇಶನಿಗೆ ತಕರಾರಿರಲಿಲ್ಲ. ತನ್ನಲ್ಲಿ ಇದ್ದದ್ದೇ ಐದಡಿ ಎರಡಿಂಚು ಎಂಬುದಷ್ಟೇ ಅವನ ಚಿಂತೆ.

"ವಿಶೇಷ ಶಿಕ್ಷಣದ ಬಿ.ಎಡ್.ಗೆ ನಾಲ್ಕಿಂಚ್ರಿ, ಎರಡು ಕಂತು," ಎಂದಳು ಕಿಟಕಿಯಾಚೆಯ ಗುಮಾಸ್ತೆ ನೀಲಗಂಗಾ. "ನೌಕರಿ ಸಿಕ್ಕಮ್ಯಾಲೆ ವರ್ಷಕ್ಕ ಇಂಚಿನ ಎಂಟನೇ ಒಂದು ಭಾಗ ವಾಪಸ್ ಬರ್ತದ. ಎಂಜಿನಿಯರಿಂಗ್ ಆದ್ರ ಎರಡು ಕೊಟ್ಟು ಏಳು ತಗೋಬಹುದು."

ಫಕೀರೇಶ ಲೆಕ್ಕ ಹಾಕಿದ. ಅಸಲು ಹುಟ್ಟಲು ಮೂವತ್ತೆರಡು ವರ್ಷ ಬೇಕು. ಈಗ ಇಪ್ಪತ್ತಾರು; ಓದಿನ ಎರಡು ವರ್ಷ ಸೇರಿಸಿದರೆ, ಅರವತ್ತಕ್ಕೆ ನಿವೃತ್ತನಾಗುವ ದಿನ ಸರಿಯಾಗಿ ಇವತ್ತಿನಷ್ಟೇ ಕುಳ್ಳನಾಗಿರುತ್ತಾನೆ. ಎತ್ತರದ ಕೊರತೆ ತುಂಬಲೆಂದೇ ಬೆಳೆಸಿದ್ದ ಮೀಸೆಯನ್ನು ತೀಡಿಕೊಂಡು ಮೊದಲ ಕಂತು ಕಟ್ಟಿದ. ಪ್ಯಾಂಟು ಚಪ್ಪಲಿಯನ್ನು ನುಂಗಿತು. ತಕ್ಷಣ ಬುದ್ಧಿ ಬಂತು.

"ಅಕ್ಕಾರ, ರದ್ದು ಮಾಡ್ರಿ. ನನ್ನ ಎರಡಿಂಚು ವಾಪಸ್ ಕೊಡ್ರಿ."

ನೀಲಗಂಗಾ ಪಕ್ಕದ ಸ್ಟೂಲಿನ ಮೇಲಿದ್ದ ಏಳು ವರ್ಷದ ಮಗಳನ್ನೇ ನೋಡುತ್ತಿದ್ದಳು. ತಲೆ ಎತ್ತದೆ, ಕಿಟಕಿಗೆ ಬಂದವರ ಅಂಗಿಯ ಗುಂಡಿ ಎಣಿಸುವುದು ದಿನವಿಡೀ ಆ ಹುಡುಗಿಯ ಕೆಲಸ.

"ಅಲ್ಲಾಡಬ್ಯಾಡ್ರಿ," ಎಂದು ತಾಯಿ ಪಿಸುಗುಟ್ಟಿದಳು. "ಯಾರರ ಬಾಗಿ ಮಾತಾಡಿಸಿದ್ರ ಕಣ್ಣು ಮುಚ್ಚಿಬಿಡ್ತಾಳ. ಒಬ್ಬರ ಮುಖಾನೂ ನೋಡಿಲ್ಲ. ಇವತ್ತ ಗುಂಡಿ ದಾಟಿ ನಿಮ್ಮ ಮೀಸಿಗೆ ಬಂದಾಳ್ರಿ!"

ತನ್ನ ಮೀಸೆಯಿಂದ ತನ್ನ ಕಣ್ಣಿಗೆ ಎಷ್ಟು ದೂರವೆಂದು ಫಕೀರೇಶ ಮತ್ತೆ ಲೆಕ್ಕ ಹಾಕಿದ: ಎರಡಿಂಚು.

"ಎರಡನೇ ಕಂತೂ ಈಗಲೇ ತಗೋರಿ," ಎಂದ, ಮೀಸೆ ಅಲುಗದ ಹಾಗೆ.