ತಡವರಿಸದೆ ಓದಿದ ಕಾಗದ

ಸ್ಟಾಂಪ್ ಪ್ಯಾಡಿನ ಶಾಯಿಯ ವಾಸನೆ ಬಂದರೆ ಈಗಲೂ ತಮಿಳು ಗಡಿಯ ಅವಲಪಲ್ಲಿಯ ನಮ್ಮ ಬಾಡಿಗೆ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಫ್ಯಾಕ್ಟರಿಯ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಅಪ್ಪನ ಬಲಗೈಯ ನಾಲ್ಕು ಬೆರಳು ಹೋಗಿ ವಾರವಾಗಿತ್ತು. ಸೂಪರ್‌ವೈಸರ್ ತಮಿಳಿನಲ್ಲಿ ಬರೆದ ಕಾಗದವೊಂದನ್ನು ತಂದಿದ್ದರು. ಅಪ್ಪನಿಗೆ ತಮಿಳು ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ.

"ನೀನೇ ಓದವ್ವ," ಎಂದ.

ತಮಿಳು ಶಾಲೆಯ ನಾನು ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಓದಿದೆ: ನನ್ನ ಅಜಾಗರೂಕತೆಯಿಂದಲೇ ಹೀಗಾಯಿತು, ಕಂಪನಿಯ ತಪ್ಪೇನೂ ಇಲ್ಲ.

"ಮಾಲು ಬೇಗ ಬರ್ಲಿ ಅಂತ ಕೈ ಕಾಯೋ ಸೆನ್ಸರ್ ಆಫ್ ಮಾಡ್ಸಿದ್ದು ನೀವಲ್ವಾ ಸಾರ್?" ಎಂದ ಅಪ್ಪ, ಮೆಲ್ಲಗೆ.

"ವಾಸಿಯಾದ್ಮೇಲೆ ಗೇಟಲ್ಲಿ ಕೆಲ್ಸ ಬೇಡ್ವಾ?" ಎನ್ನುತ್ತ ಅವರು ಪ್ಯಾಡ್ ತೆರೆದರು.

ಅಪ್ಪ ಎಡಗೈ ಹೆಬ್ಬೆಟ್ಟು ಒತ್ತಿದ.

ನನ್ನ ಓದನ್ನು ಯಾರೂ ಹೊಗಳಲಿಲ್ಲ.

"ಇನ್ನೊಂದ್ಸಲ ಓದ್ಲಾ ಅಪ್ಪ?" ಎಂದು ಕೇಳಿದೆ.