ಸೊನ್ನೆಯೋ ಒಂದೋ

ಅವನು ಎಂಟರ್ ಕೀಲಿಯನ್ನು ಗುದ್ದಿದ ರಭಸಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಪರದೆಯ ಮೇಲೆ ಒಂದೇ ಅಂಕಿ ಮೂಡಿತು: 1.

ಅಂದರೆ ಹೌದು. ಮಗಳ ದಾಖಲೆಯನ್ನು ಮರೆಮಾಡಿದ್ದಾರೆ.

ಕಾಣೆಯಾದವರನ್ನು ಹುಡುಕುವ ಪೊಲೀಸ್ ಜಾಲತಾಣದಿಂದ ಮಗಳ ಫೋಟೋ ಮಾಯವಾಗಿ ವಾರವಾಗಿತ್ತು. ದೂರು ಕೊಟ್ಟವನು ತಾನೇ; ಆದರೂ ಠಾಣೆಗೆ ಫೋನ್ ಮಾಡಿದರೆ, "ದಾಖಲೆ ಇದೆ ಸರ್, ಎಲ್ಲೂ ಹೋಗಿಲ್ಲ" ಎಂಬ ಅದೇ ರಾಗ. ಇದ್ದರೆ ಕಾಣಬೇಡವೇ? ಯಾರ ಕಿವಿಯ ಮೇಲೆ ಹೂ ಇಡುತ್ತಿದ್ದಾರೆ? ಆ ಜಾಲತಾಣದ ಸರ್ವರ್ ನೋಡಿಕೊಳ್ಳುವ ಕಂಪನಿಯಲ್ಲೇ ಅವನಿಗೆ ಕೆಲಸ. ಅಲ್ಲಿನ ದಾಖಲೆಗಳನ್ನು ಓದಲೆಂದೇ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಟ್ಟ ಸಿದ್ಧ ಫಂಕ್ಷನ್‌ಗಳ ಒಂದು ಲೈಬ್ರರಿ ಇತ್ತು. ದಾಖಲೆ ಮರೆಯಲ್ಲಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಎನ್ನುವ ಫಂಕ್ಷನ್ ಅದರಲ್ಲಿತ್ತು. ಅದನ್ನು ಬಳಸಿ ನಾಲ್ಕು ಸಾಲು ಕೋಡ್ ಬರೆದು ಓಡಿಸಿದ್ದ. ಕೈಪಿಡಿ ಓದುವುದು ಕೈಲಾಗದವರ ಕೆಲಸ ಎಂಬುದು ಅವನ ಅಭಿಪ್ರಾಯ.

ಹೆಂಡತಿಗೆ ಫೋನ್ ಮಾಡಿದ. "ಕೇಳಿದ್ಯಾ? ಹುಡುಕೋ ಯೋಗ್ಯತೆ ಇಲ್ಲದೆ ಕೇಸನ್ನೇ ಮುಚ್ಚಿಹಾಕಿದಾರೆ!"

ಅತ್ತಲಿಂದ ಅವಳೆಂದಳು, "ಬಿಟ್ಟುಬಿಡಿ ಅಂದ್ರೆ. ಎಲ್ಲಿದ್ರೂ ಚೆನ್ನಾಗಿರ್ತಾಳೆ."

"ನೀನೊಬ್ಳು ತಾಯಿನಾ?"

ಮೊದಮೊದಲು ಅನ್ನ ನೀರು ಬಿಟ್ಟು ಅತ್ತವಳು ಈಗ ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತಿದ್ದಳು. ಅದನ್ನು ಕಂಡರೂ ಅವನ ಮೈ ಉರಿಯುತ್ತಿತ್ತು. ಅವನು ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದ. ಕಾಲೇಜಿಗೆ ತಾನೇ ಬಿಟ್ಟು ತಾನೇ ಕರೆತರುತ್ತಿದ್ದ. ಅವಳ ಫೋನನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದ. ಹಾಳು ಗೆಳತಿಯರ ಸಹವಾಸ ಬೇಡವೆಂದು ಅವಳ ಕೋಣೆಗೆ ಹೊರಗಡೆಯಿಂದ ಚಿಲಕವನ್ನೂ ಹಾಕಿಸಿದ್ದ. ಇಷ್ಟು ಜೋಪಾನ ಮಾಡಿದ ಮಗಳನ್ನು ಯಾರೋ ಹಾರಿಸಿಕೊಂಡು ಹೋಗಿದ್ದಾರೆ, ಇವರು ಕುರ್ಚಿ ಬಿಸಿ ಮಾಡುತ್ತ ಕೂತಿದ್ದಾರೆ!

ನೇರ ಠಾಣೆಗೆ ನುಗ್ಗಿ, ಕಾಣೆಯಾದವರ ವಿಭಾಗದ ಅಧಿಕಾರಿಣಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಕುಕ್ಕಿದ.

"ಏನ್ರೀ ಇದು? ಯಾರನ್ನ ಕಾಪಾಡೋಕೆ ಇದನ್ನ ಮುಚ್ಚಿಟ್ರಿ?"

ಆಕೆ ದನಿ ಏರಿಸಲಿಲ್ಲ. "ಒಬ್ಬರನ್ನ ಕಾಪಾಡೋಕೇ ಸರ್."

"ಒಪ್ಕೊಂಡ್ರಲ್ಲ! ಫಂಕ್ಷನ್ ನಿಮ್ ಹಾಗೆ ಸುಳ್ಳು ಹೇಳಲ್ಲ!"

"ಇಲ್ಲ, ಹೇಳಲ್ಲ. ಅದು ಯಾವಾಗ ಒಂದು ಅನ್ನುತ್ತೆ ಅಂತ ಓದಿದೀರಾ?"

ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಇಣುಕಿ ನೋಡುತ್ತಿದ್ದರು. ಅವರೆದುರೇ ಇವಳ ಬಾಯಿ ಮುಚ್ಚಿಸಬೇಕು. ಲ್ಯಾಪ್‌ಟಾಪಿನಲ್ಲಿ ಲೈಬ್ರರಿಯ ಕೈಪಿಡಿ ತೆರೆದ, ಆ ಫಂಕ್ಷನ್ ಹುಡುಕಿದ. ಎಲ್ಲರಿಗೂ ಕೇಳಿಸುವಂತೆ ಗಟ್ಟಿಯಾಗಿ ಓದತೊಡಗಿದ.

"ವ್ಯಕ್ತಿ ಸುರಕ್ಷಿತವಾಗಿ ಸಿಕ್ಕಿದ್ದು, ಹದಿನೆಂಟು ತುಂಬಿದ್ದು, ದೂರು ಕೊಟ್ಟವರಿಗೆ ಮಾತ್ರ ತನ್ನ ಸುಳಿವು ಕೊಡಬಾರದೆಂದು ಕೇಳಿಕೊಂಡಿದ್ದರೆ: 1."