ಚೌರಪ್ಪನ ಆಯಸ್ಸು

ಯುದ್ಧಕಾಲದ ಆ ವಿಮಾನ ಹಾರುವಷ್ಟು ದಿನ ಮೆಕ್ಯಾನಿಕ್ ಚೌರಪ್ಪ ಸಾಯುವಂತಿರಲಿಲ್ಲ. ಸದ್ದು ಕೇಳಿಯೇ ಅದರ ಎಂಜಿನ್ನಿನ ಕಾಯಿಲೆ ಹೇಳಬಲ್ಲವನು ಅವನೊಬ್ಬನೇ. ಅದಕ್ಕೇ ಹಾರಾಟ ನೋಡಲು ಬಂದವರೆಲ್ಲ ಗೇಟಿನಲ್ಲಿ ತಮ್ಮ ಆಯಸ್ಸಿನ ಒಂದೊಂದು ದಿನವನ್ನು ಅವನಿಗೆ ಕೊಟ್ಟು ಒಳಗೆ ಬರುತ್ತಿದ್ದರು. ಹಾಗೆ ಅವನಿಗೆ ನೂರಾ ಮೂವತ್ತೊಂದಾಗಿತ್ತು, ಮೊಮ್ಮಗಳೂ ಮಣ್ಣಾಗಿದ್ದಳು.

“ಈ ಸಲ ಜನ ಜಾಸ್ತಿ ಚೌರಪ್ಪೋರೇ. ಇನ್ನು ಮೂರು ವರ್ಷ ನಿಮಗೆ ಯೋಚನೆ ಇಲ್ಲ,” ಎಂದಳು ಪೈಲಟ್ ಇಂದುಮತಿ, ಕಾಕ್‌ಪಿಟ್ ಹತ್ತುತ್ತ.

ಬೆಳಿಗ್ಗೆಯೇ ಚೌರಪ್ಪ ಆಯಿಲ್ ಪೈಪಿನ ನಟ್ಟನ್ನು ಸಡಿಲ ಬಿಟ್ಟಿದ್ದ. ನೆಲದ ಮೇಲಿನ ಪರೀಕ್ಷೆಯಲ್ಲೇ ಎಂಜಿನ್ ಸುಟ್ಟರೆ ವಿಮಾನ ಮ್ಯೂಸಿಯಮ್ಮಿಗೆ, ತಾನು ಹೆಂಡತಿಯ ಸಮಾಧಿಯ ಪಕ್ಕಕ್ಕೆ.

ಎಂಜಿನ್ ಗುಡುಗಿತು. ಸದ್ದಿನಲ್ಲಿ ಸಣ್ಣದೊಂದು ಅಪಸ್ವರ.

“ಆಫ್ ಮಾಡಮ್ಮ, ಆಫ್ ಮಾಡು,” ಎಂದು ಕೂಗಿ ಸ್ಪ್ಯಾನರ್ ಹಿಡಿದು ಓಡಿದ. ತಾನೇನು ಮಾಡಿದೆನೆಂದು ಚೌರಪ್ಪನಿಗೆ ಹೊಳೆದದ್ದು ನಟ್ಟು ಬಿಗಿಯಾದ ಮೇಲೆ.